ಹಲ್ಲಿನ ಜೊತೆಗೆ ನಾಲಿಗೆಯನ್ನೂ ನೋಡಿ: ಕರ್ನಾಟಕದ ದಂತವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಂತವೈದ್ಯರೇ,

ಫ್ಯಾಂಕೋನಿ ಅನೀಮಿಯ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕೆಂದು ಈ ಪತ್ರ. ಹೆಸರಿನಲ್ಲೇ ರಕ್ತಹೀನತೆ ಇರುವ ಕಾಯಿಲೆ ರಕ್ತರೋಗ ತಜ್ಞರಿಗೆ ಸೇರಿದ್ದು, ಹಲ್ಲಿನ ಡಾಕ್ಟರಿಗೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೆ, ಬಹಳ ಹತ್ತಿರದ ಸಂಬಂಧವೇ ಇದೆ. ಈ ಕಾಯಿಲೆಯವರ ರಕ್ತವನ್ನು ಸರಿಪಡಿಸುವುದನ್ನು ವೈದ್ಯಶಾಸ್ತ್ರ ಈಗ ಬಹುಮಟ್ಟಿಗೆ ಕಲಿತಿದೆ. ಹಾಗೆ ಉಳಿದು ಬೆಳೆದು ದೊಡ್ಡವರಾದವರಲ್ಲಿ ಅನೇಕರ ಆಯುಸ್ಸು ತೀರ್ಮಾನವಾಗುತ್ತಿರುವುದು ಅವರ ಬಾಯಿಯಲ್ಲಿ: ನಾಲಿಗೆಯ ಅಂಚಿನಲ್ಲಿ, ವಸಡಿನಲ್ಲಿ, ಕೆನ್ನೆಯ ಒಳಬದಿಯಲ್ಲಿ ಏಳುವ ಕ್ಯಾನ್ಸರಿನಿಂದ. ಆ ಕ್ಯಾನ್ಸರನ್ನು ಅಕ್ಕಿಕಾಳಿನಷ್ಟಿರುವಾಗಲೇ ಹಿಡಿಯಬಲ್ಲವರು ಯಾರು ಎಂದು ಹುಡುಕುತ್ತ ಹೋದರೆ ಹೆಜ್ಜೆ ನಿಮ್ಮ ಕ್ಲಿನಿಕ್ಕಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ಫ್ಯಾಂಕೋನಿ ಇರುವವರ ಜೀವಮಾನದ ಕ್ಯಾನ್ಸರ್ ತಪಾಸಣೆಯಲ್ಲಿ ದಂತವೈದ್ಯರೇ ಮುಖ್ಯ ವೈದ್ಯರಾಗಬೇಕು ಎಂಬುದು ನನ್ನ ವಾದ. ಅದಕ್ಕೆ ಆಧಾರಗಳೇನು, ಅದರ ವಿರುದ್ಧ ಹೇಳಬಹುದಾದ ಮಾತುಗಳಿಗೆ ಉತ್ತರವೇನು ಎಂಬುದನ್ನು ಒಂದೊಂದಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಕಾಯಿಲೆಯ ವಿಷಯ. 1927ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೋ ಫ್ಯಾಂಕೋನಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ತೀವ್ರ ರಕ್ತಹೀನತೆಯೂ ಹುಟ್ಟಿನಿಂದ ಬಂದ ದೈಹಿಕ ನ್ಯೂನತೆಗಳೂ ಒಟ್ಟಿಗೇ ಇರುವುದನ್ನು ದಾಖಲಿಸಿದರು. ಅದರ ಮೂಲ ಎಲ್ಲಿದೆ ಎಂದು ತಿಳಿಯಲು ಮುಂದೆ ಹಲವು ದಶಕಗಳೇ ಬೇಕಾದವು. ನಮ್ಮ ಡಿಎನ್‌ಎ ಎರಡು ಎಳೆಗಳ ಹುರಿ. ಕೆಲವು ರಾಸಾಯನಿಕಗಳು ಈ ಎರಡು ಎಳೆಗಳನ್ನು ಅಡ್ಡಲಾಗಿ ಬೆಸೆದುಬಿಡುತ್ತವೆ. ಕೋಶ ಒಡೆದು ಎರಡಾಗಬೇಕಾದರೆ ಎಳೆಗಳು ಬಿಚ್ಚಿಕೊಳ್ಳಬೇಕು; ನಡುವೆ ಬೆಸುಗೆ ಬಿದ್ದಿದ್ದರೆ, ಬಟ್ಟೆ ಸಿಕ್ಕಿಕೊಂಡ ಜಿಪ್ಪಿನಂತೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈ ಬೆಸುಗೆಯನ್ನು ಗುರುತಿಸಿ, ಕತ್ತರಿಸಿ, ಎಳೆಯನ್ನು ಮತ್ತೆ ಸರಿಮಾಡಲು ದೇಹದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀನ್‌ಗಳ ಒಂದು ತಂಡವಿದೆ. ಸ್ತನ ಕ್ಯಾನ್ಸರಿನ ವಿಷಯದಲ್ಲಿ ಹೆಸರಾದ ಬಿಆರ್‌ಸಿಎ-2 ಕೂಡ ಇದೇ ತಂಡದ್ದು. ತಂಡದ ಒಂದೇ ಜೀನಿನ ಕೆಟ್ಟ ಪ್ರತಿಗಳು ತಾಯಿ ತಂದೆ ಇಬ್ಬರಿಂದಲೂ ಬಂದಾಗ ಸಾಮಾನ್ಯವಾಗಿ ಮಗುವಿಗೆ ಫ್ಯಾಂಕೋನಿ ಅನೀಮಿಯ ಆಗುತ್ತದೆ. ಇದನ್ನು ಪತ್ತೆ ಮಾಡುವ ಪರೀಕ್ಷೆಯಲ್ಲಿ ರೋಗಿಯ ರಕ್ತದ ಕೋಶಗಳಿಗೆ ಡೈಎಪಾಕ್ಸಿಬ್ಯುಟೇನ್ ಅಥವಾ ಮೈಟೊಮೈಸಿನ್-ಸಿ ಎಂಬ ರಾಸಾಯನಿಕವನ್ನು ಸೇರಿಸುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ರೋಮೋಸೋಮುಗಳು ಅಲ್ಲಲ್ಲಿ ತುಂಡಾಗಿರುತ್ತವೆ. ತುಂಡುಗಳು ತಪ್ಪು ಜೋಡಿಯನ್ನು ಕಚ್ಚಿಕೊಂಡು ಮೂರು, ನಾಲ್ಕು ತೋಳುಗಳ ವಿಚಿತ್ರ ಆಕೃತಿಗಳಾಗಿರುತ್ತವೆ. ಆರೋಗ್ಯವಂತರ ಕೋಶಗಳು ಅಷ್ಟೇ ಪ್ರಮಾಣದ ರಾಸಾಯನಿಕವನ್ನು ಹೆಚ್ಚೇನೂ ಪೆಟ್ಟು ತಿನ್ನದೆ ತಡೆದುಕೊಳ್ಳುತ್ತವೆ.

ಪ್ರಯೋಗಾಲಯದಲ್ಲಿ ಕಾಣುವ ಈ ಒಡಕು ರೋಗಿಯ ದೇಹದಲ್ಲಿ ದಿನವೂ ನಡೆಯುತ್ತಿರುತ್ತದೆ. ಡಿಎನ್‌ಎ ಬೆಸೆಯುವ ವಸ್ತುಗಳು ಹೊರಗಿನಿಂದಲೇ ಬರಬೇಕೆಂದಿಲ್ಲ. ನಮ್ಮ ಕೋಶಗಳ ದೈನಂದಿನ ವ್ಯವಹಾರದಿಂದಲೇ ಆಲ್ಡಿಹೈಡ್‌ಗಳೆಂಬ ವಸ್ತುಗಳು ಹುಟ್ಟುತ್ತಿರುತ್ತವೆ. ಮದ್ಯ ಕುಡಿದಾಗ ದೇಹದಲ್ಲಿ ತಯಾರಾಗುವ ಅಸಿಟಾಲ್ಡಿಹೈಡ್ ಕೂಡ ಅದೇ ಜಾತಿಯದು. ಫ್ಯಾಂಕೋನಿ ಜೀನ್ ಕೆಟ್ಟ ಇಲಿಗಳಿಗೆ ಈ ವಸ್ತುಗಳು ಎಷ್ಟು ಮಾರಕ ಎಂಬುದನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೆ. ಜೆ. ಪಟೇಲ್ ಅವರ ತಂಡ 2011ರಲ್ಲಿ ತೋರಿಸಿತು. ಸದಾ ವಿಭಜನೆಯಾಗುವ ಕೋಶಗಳಿಗೆ ಹೆಚ್ಚು ಪೆಟ್ಟು. ಅಸ್ಥಿಮಜ್ಜೆ ಅಂಥದ್ದು, ಬಾಯಿ ಗಂಟಲಿನ ಒಳಪದರವೂ ಅಂಥದ್ದೇ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಫ್ಯಾಂಕೋನಿ ನೋಂದಣಿಯ 754 ರೋಗಿಗಳ ಮಾಹಿತಿ 2003ರಲ್ಲಿ ಪ್ರಕಟವಾಯಿತು. ನಲವತ್ತು ವರ್ಷ ತುಂಬುವುದರೊಳಗೆ ಮಜ್ಜೆ ಸೋಲುವ ಸಂಭವ ಶೇ. 90, ರಕ್ತದ ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತ ತಲುಪುವ ಸಂಭವ ಶೇ. 33, ರಕ್ತಕ್ಕೆ ಸಂಬಂಧಿಸದ ಗಡ್ಡೆಗಳ ಸಂಭವ ಶೇ. 28 ಎಂಬುದು ಅದರ ಅಂದಾಜು. ಗಡ್ಡೆಗಳಲ್ಲಿ ಎದ್ದು ಕಾಣುವುದು ತಲೆ ಮತ್ತು ಕುತ್ತಿಗೆ ಭಾಗದ ಸ್ಕ್ವೇಮಸ್ ಕ್ಯಾನ್ಸರ್, ಅದರಲ್ಲೂ ಬಾಯಿಯದು. ಜನಸಾಮಾನ್ಯರಿಗೆ ಹೋಲಿಸಿದರೆ ಇವರಲ್ಲಿ ಇದರ ಅಪಾಯ ಐನೂರು ಪಟ್ಟಿಗೂ ಹೆಚ್ಚು. ಹೆಣ್ಣುಮಕ್ಕಳಲ್ಲಿ ಜನನಾಂಗದ ಕ್ಯಾನ್ಸರಿನ ಅಪಾಯವೂ ಬಹಳ ಹೆಚ್ಚು. ಅದಕ್ಕೆ ಸ್ತ್ರೀರೋಗ ತಜ್ಞರ ತಪಾಸಣೆ ಬೇಕು. ಈ ಪತ್ರದಲ್ಲಿ ಬಾಯಿಯ ಮಾತನ್ನಷ್ಟೇ ಆಡುತ್ತೇನೆ.

ಅಸ್ಥಿಮಜ್ಜೆ ಕಸಿ ಬಂದ ಮೇಲೆ ಈ ಕಾಯಿಲೆಯ ಚಿತ್ರವೇ ಬದಲಾಯಿತು. ಹೊಕ್ಕುಳಬಳ್ಳಿಯ ರಕ್ತದಿಂದ ಕಸಿ ಮಾಡಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವನು ಫ್ಯಾಂಕೋನಿ ಅನೀಮಿಯ ಇದ್ದ ಒಬ್ಬ ಪುಟ್ಟ ಹುಡುಗನೇ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರ ತಂಡ, ಆಗಷ್ಟೇ ಹುಟ್ಟಿದ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಅವನಿಗೆ ಕೊಟ್ಟು ಉಳಿಸಿತು. ಅಂದಿನಿಂದ ಕಸಿಯ ವಿಧಾನ ಸುಧಾರಿಸುತ್ತ ಬಂದಿದೆ; ಹೊಂದುವ ದಾನಿ ಸಿಕ್ಕಿದ ಮಕ್ಕಳಲ್ಲಿ ಬಹುಪಾಲು ಬದುಕುತ್ತಾರೆ. ಭಾರತ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲೂ ಫ್ಯಾಂಕೋನಿ ಅನೀಮಿಯ ಇರುವುದು ಮೊದಲ ಗುಂಪಿನಲ್ಲಿ, ಅಂದರೆ ಒಂದೇ ಸಲದ ಚಿಕಿತ್ಸೆಯಿಂದ ಗುಣವಾಗಬಲ್ಲ ಕಾಯಿಲೆಗಳ ಪಟ್ಟಿಯಲ್ಲಿ. ದುಬಾರಿ ಕಸಿಗೆ ಸರ್ಕಾರದ ನೆರವು ಸಿಗಲು ಈ ವರ್ಗೀಕರಣ ದಾರಿ ಮಾಡಿತು, ಅದಕ್ಕೆ ಕೃತಜ್ಞರಾಗಿರಬೇಕು. ಆದರೆ ಗುಣವಾಗುವುದು ರಕ್ತ ಮಾತ್ರ. ಹೊಸ ಮಜ್ಜೆ ದಾನಿಯ ಜೀನ್‌ಗಳೊಂದಿಗೆ ಬರುತ್ತದೆ. ನಾಲಿಗೆ, ಕೆನ್ನೆ, ಗಂಟಲು, ಅನ್ನನಾಳ ಇವುಗಳ ಕೋಶಗಳು ಹುಟ್ಟಿದಾಗ ಹೇಗಿದ್ದವೋ ಹಾಗೆಯೇ ಉಳಿಯುತ್ತವೆ. ಸಾಲದ್ದಕ್ಕೆ, ಕಸಿಯ ಮುನ್ನ ಕೊಡುವ ರೇಡಿಯೇಷನ್ ಮತ್ತು ಔಷಧಿಗಳು, ಕಸಿಯ ನಂತರ ದಾನಿಯ ಕೋಶಗಳು ರೋಗಿಯ ದೇಹದ ಮೇಲೆ ತಿರುಗಿಬೀಳುವ ಜಿವಿಎಚ್‌ಡಿ ತೊಂದರೆ, ಎರಡೂ ಬಾಯಿಯ ಅಪಾಯವನ್ನು ಹೆಚ್ಚಿಸಬಲ್ಲವು. 2005ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಕಸಿಯಾದವರಲ್ಲಿ ಇಂಥ ಕ್ಯಾನ್ಸರಿನ ಅಪಾಯ ಕಸಿಯಾಗದವರಿಗಿಂತ 4.4 ಪಟ್ಟು ಹೆಚ್ಚಿತ್ತು. ಅದು ಬಂದ ವಯಸ್ಸಿನ ಮಧ್ಯಾಂಕ ಕಸಿಯಾಗದವರಲ್ಲಿ 33, ಕಸಿಯಾದವರಲ್ಲಿ 18. ಆ ಕಾಲದ ಕಸಿಗಿಂತ ಇಂದಿನ ಕಸಿಯಲ್ಲಿ ರೇಡಿಯೇಷನ್ ಕಡಿಮೆ, ಹಾಗಾಗಿ ಮುಂದಿನ ಅಂಕಿಗಳು ಇಳಿಯಬಹುದು. ಹಾಗೆಂದು ಕಸಿ ಬೇಡ ಎನ್ನಲಾಗದು. ಕಸಿಯಿಲ್ಲದೆ ಹೋದರೆ ಹೆಚ್ಚಿನ ಮಕ್ಕಳು ದೊಡ್ಡವರಾಗುವುದೇ ಇಲ್ಲ. ಕಸಿ ಮುಗಿದ ದಿನವೇ ಬಾಯಿಯ ಕಾವಲು ಶುರುವಾಗಬೇಕು ಎಂಬುದಷ್ಟೇ ಇದರ ಅರ್ಥ.

ಇನ್ನು ವಾದದ ತಿರುಳು. ಬಾಯಿ ಕ್ಯಾನ್ಸರ್ ಬಂದ ಬೇರೆಯವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಮೂರು ಆಯುಧಗಳಿವೆ: ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋಥೆರಪಿ. ತಡವಾಗಿ ಬಂದವರಿಗೂ ಮೂರನ್ನೂ ಸೇರಿಸಿ ಏನಾದರೂ ಮಾಡಬಹುದು. ಫ್ಯಾಂಕೋನಿ ಇರುವವರಿಗೆ ಇವುಗಳಲ್ಲಿ ಎರಡು ಹೆಚ್ಚುಕಡಿಮೆ ಕೈಗೆ ಸಿಗದವು. ಬಾಯಿ ಮತ್ತು ಗಂಟಲ ಕ್ಯಾನ್ಸರಿಗೆ ಎಲ್ಲೆಡೆ ಬಳಸುವ ಸಿಸ್‌ಪ್ಲಾಟಿನ್ ಔಷಧಿ ಕೆಲಸ ಮಾಡುವುದೇ ಡಿಎನ್‌ಎ ಎಳೆಗಳನ್ನು ಬೆಸೆಯುವ ಮೂಲಕ. ಯಾವ ಬೆಸುಗೆಯನ್ನು ಬಿಚ್ಚಲು ಈ ರೋಗಿಯ ಕೋಶಗಳಿಗೆ ಬಾರದೋ ಅದನ್ನೇ ಈ ಔಷಧಿ ದೇಹದ ತುಂಬ ಹಾಕುತ್ತದೆ. ಸಾಮಾನ್ಯ ಡೋಸು ಇವರಿಗೆ ಪ್ರಾಣಾಂತಿಕವಾಗಬಲ್ಲದು. ರೇಡಿಯೇಷನ್ ಕೆಲವರಿಗೆ ಸಹಿಸಲು ಸಾಧ್ಯವಾದರೂ, ಬಾಯಿಯ ಒಳಪದರ ಕಿತ್ತು ಹುಣ್ಣಾಗಿ, ರಕ್ತದ ಎಣಿಕೆ ಕುಸಿದು, ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಗಿ ಬಂದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಸಾಕಷ್ಟಿವೆ. ಉಳಿಯುವುದು ಶಸ್ತ್ರಚಿಕಿತ್ಸೆ ಒಂದೇ. ಅದೂ ಗಡ್ಡೆ ಸಣ್ಣದಿದ್ದು, ಕುತ್ತಿಗೆಯ ಗ್ರಂಥಿಗಳಿಗೆ ಹಬ್ಬುವ ಮೊದಲು, ಸುತ್ತ ಆರೋಗ್ಯವಂತ ಅಂಚು ಬಿಟ್ಟು ಪೂರ್ತಿ ಕತ್ತರಿಸಲು ಆದರೆ ಮಾತ್ರ. ಹಾಗಾಗಿ ಬೇರೆಯವರಲ್ಲಿ ಬೇಗ ಪತ್ತೆಯಾಗುವುದರಿಂದ ಚಿಕಿತ್ಸೆ ಸುಲಭವಾಗುತ್ತದೆ. ಇವರಲ್ಲಿ ಬೇಗ ಪತ್ತೆಯಾದರಷ್ಟೇ ಚಿಕಿತ್ಸೆ ಎಂಬುದು ಇರುತ್ತದೆ. ಅದನ್ನು ಬೇಗ ಪತ್ತೆ ಮಾಡಲು ಸ್ಕ್ಯಾನ್ ಯಂತ್ರವಾಗಲಿ ರಕ್ತಪರೀಕ್ಷೆಯಾಗಲಿ ಬೇಕಿಲ್ಲ. ಒಳ್ಳೆಯ ಬೆಳಕು, ಕನ್ನಡಿ, ಗಾಜ್ ತುಂಡು, ಪಳಗಿದ ಬೆರಳು ಮತ್ತು ಕಣ್ಣು ಬೇಕು. ಇವೆಲ್ಲ ನಿಮ್ಮ ಕುರ್ಚಿಯ ಪಕ್ಕದಲ್ಲೇ ಇವೆ.

“ಲಕ್ಷಕ್ಕೂ ಹೆಚ್ಚು ಹೆರಿಗೆಗಳಿಗೆ ಒಂದರಂತೆ ಬರುವ ಕಾಯಿಲೆ; ಇಡೀ ವೃತ್ತಿಜೀವನದಲ್ಲಿ ಒಬ್ಬ ರೋಗಿಯೂ ನನ್ನ ಬಳಿ ಬರಲಿಕ್ಕಿಲ್ಲ” ಎಂದು ನೀವು ಹೇಳಬಹುದು. ಜಗತ್ತಿನ ಸರಾಸರಿ ಅಷ್ಟಿರಬಹುದು. ಆದರೆ ಇಬ್ಬರು ಪೋಷಕರಿಂದಲೂ ಒಂದೇ ಕೆಟ್ಟ ಜೀನ್ ಬರಬೇಕಾದ ಕಾಯಿಲೆಗಳು, ರಕ್ತಸಂಬಂಧದಲ್ಲಿ ಮದುವೆಯಾಗುವ ಸಮಾಜಗಳಲ್ಲಿ ಸರಾಸರಿಗಿಂತ ಹೆಚ್ಚಿರುತ್ತವೆ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರವೂ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದಲ್ಲೇ ಆಗಿದೆ. ಇದರ ಜೊತೆಗೆ, ಬೇರೆ ದೇಶಗಳಲ್ಲಿ ತೀರಾ ವಿರಳವಾದ ಎಫ್‌ಎಎನ್‌ಸಿಎಲ್ ಎಂಬ ಜೀನಿನ ಒಂದು ಬದಲಾವಣೆ ಭಾರತೀಯ ರೋಗಿಗಳಲ್ಲಿ ಪದೇ ಪದೇ ಕಾಣುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹಿಂದೆಂದೋ ಒಬ್ಬ ಪೂರ್ವಜರಲ್ಲಿ ಆದ ಬದಲಾವಣೆ ದಕ್ಷಿಣ ಏಷ್ಯದ ಜನರಲ್ಲಿ ಹರಡಿಕೊಂಡಿದೆ ಎಂಬುದು ಅದರ ತಾತ್ಪರ್ಯ. ಅಂದರೆ ಸಂಬಂಧದಲ್ಲಿ ಮದುವೆಯಾಗದ ದಂಪತಿಯ ಮಗುವಿಗೂ ಕಾಯಿಲೆ ಬರಬಹುದು. ಇದನ್ನು ಹೇಳುತ್ತಿರುವುದು ಯಾವ ಮನೆಯವರನ್ನೂ ದೂರಲಿಕ್ಕಲ್ಲ. ಮದುವೆಯ ಹೊತ್ತಿಗೆ ಯಾವ ಹುಡುಗ ಹುಡುಗಿಗೂ ತಾವು ಇಂಥ ಜೀನ್ ಹೊತ್ತಿದ್ದೇವೆ ಎಂದು ಗೊತ್ತಿರುವುದಿಲ್ಲ. ಕಾಯಿಲೆ ನಮ್ಮ ನಡುವೆ ನಾವಂದುಕೊಂಡದ್ದಕ್ಕಿಂತ ಹತ್ತಿರದಲ್ಲಿದೆ ಎಂಬುದಷ್ಟೇ ಇಲ್ಲಿನ ಮಾತು.

ಗೊತ್ತಾಗದೆ ಉಳಿದ ರೋಗಿಗಳ ಸಂಗತಿಯೂ ಇದೆ. ಕುಳ್ಳು ಮೈಕಟ್ಟು, ಹೆಬ್ಬೆರಳಿನ ಅಥವಾ ಮುಂದೋಳಿನ ಮೂಳೆಯ ನ್ಯೂನತೆ, ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು, ಒಂದೇ ಮೂತ್ರಪಿಂಡ ಇವೆಲ್ಲ ಪುಸ್ತಕದಲ್ಲಿರುವ ಲಕ್ಷಣಗಳು. ಆದರೆ ರೋಗಿಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಜನರಲ್ಲಿ ಹೊರಗೆ ಕಾಣುವ ಯಾವ ಲಕ್ಷಣವೂ ಇರದಿರಬಹುದು. ಕೆಲವರಲ್ಲಿ ಮಜ್ಜೆಯ ಸೋಲು ನಿಧಾನವಾಗಿ ಸಾಗಿ, ಮೊದಲು ಕಾಣಿಸಿಕೊಳ್ಳುವುದೇ ಬಾಯಿಯ ಕ್ಯಾನ್ಸರ್. ವಸಡಿನಲ್ಲಿ ರಕ್ತ ಜಿನುಗುತ್ತದೆ ಎಂದು ನಿಮ್ಮ ಬಳಿ ಕರೆತಂದ ಮಗುವಿನಲ್ಲಿ ಪಾಚಿ, ಕಿಟ್ಟ ಅಷ್ಟೇನೂ ಇಲ್ಲ. ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟಿದ ಗುರುತುಗಳಿವೆ. ಹೆಬ್ಬೆರಳು ತುಸು ಬೇರೆಯಾಗಿದೆ. ಆಗ ಹಲ್ಲು ಕ್ಲೀನ್ ಮಾಡಿ ಕಳಿಸುವ ಮೊದಲು ಒಂದು ಪೂರ್ಣ ರಕ್ತ ಎಣಿಕೆಗೆ ಬರೆದುಕೊಟ್ಟರೆ, ಪ್ಲೇಟ್‌ಲೆಟ್ ಇಳಿದಿರುವುದು ಅಲ್ಲೇ ಗೊತ್ತಾಗಬಹುದು. ಇಪ್ಪತ್ತೈದು ಮೂವತ್ತರ ಒಳಗಿನ, ಗುಟ್ಕಾ ಬೀಡಿ ಮುಟ್ಟದ ಒಬ್ಬರ ನಾಲಿಗೆಯಲ್ಲಿ ಕ್ಯಾನ್ಸರ್ ಎಂದು ಬಯಾಪ್ಸಿ ಹೇಳಿದರೆ, ಆ ರೋಗಿಯನ್ನು ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ “ಫ್ಯಾಂಕೋನಿ ಇದೆಯೇ ನೋಡಿ” ಎಂಬ ಒಂದು ಸಾಲು ಬರೆಯಿರಿ. ಸಿಸ್‌ಪ್ಲಾಟಿನ್ ಕೊಡುವ ಮೊದಲು ಪರೀಕ್ಷೆಯಾದರೆ ಆ ಒಂದು ಸಾಲಿನಿಂದ ಜೀವ ಉಳಿಯುತ್ತದೆ. ಇಂಥವರಲ್ಲಿ ಕೆಲವೊಮ್ಮೆ ರಕ್ತದ ಕೋಶಗಳು ತಾವಾಗಿಯೇ ದೋಷವನ್ನು ಸರಿಪಡಿಸಿಕೊಂಡು ರಕ್ತಪರೀಕ್ಷೆ ಸರಿಯಾಗಿಯೇ ಬರುವುದುಂಟು. ಅನುಮಾನ ಬಲವಾಗಿದ್ದರೆ ಚರ್ಮದ ಕೋಶಗಳಲ್ಲಿ ಪರೀಕ್ಷೆ ಮಾಡಿಸಬೇಕು.

“ಇದು ರಕ್ತರೋಗ ತಜ್ಞರ, ಕ್ಯಾನ್ಸರ್ ತಜ್ಞರ ಕೆಲಸ” ಎಂಬುದು ಇನ್ನೊಂದು ಮಾತು. ಅವರ ಪಾತ್ರವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ರೋಗಿಯ ದಾರಿಯನ್ನು ಗಮನಿಸಿ. ಮಗುವಾಗಿದ್ದಾಗ ಮಕ್ಕಳ ರಕ್ತರೋಗ ವಿಭಾಗ ನೋಡಿಕೊಳ್ಳುತ್ತದೆ. ಅಲ್ಲಿ ಪ್ರತಿ ಭೇಟಿಯಲ್ಲೂ ಹಿಮೋಗ್ಲೋಬಿನ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಎಂಬ ಲೆಕ್ಕವೇ ಮುಖ್ಯ. ಕಸಿಯಾಗಿ ಐದಾರು ವರ್ಷ ಎಣಿಕೆಗಳು ಸರಿಯಾಗಿದ್ದರೆ ಭೇಟಿಗಳು ವಿರಳವಾಗುತ್ತವೆ. ಹದಿನೆಂಟು ದಾಟಿದ ಮೇಲೆ ಮಕ್ಕಳ ವಿಭಾಗದ ಬಾಗಿಲು ಮುಚ್ಚುತ್ತದೆ. ದೊಡ್ಡವರ ವಿಭಾಗದಲ್ಲಿ ಈ ಕಾಯಿಲೆಯ ಪರಿಚಯ ಇರುವವರು ಕಡಿಮೆ. ಕ್ಯಾನ್ಸರ್ ತಜ್ಞರ ಬಳಿಗೆ ಹೋಗುವುದು ಕ್ಯಾನ್ಸರ್ ಬಂದ ಮೇಲೆ. ಬಾಯಿಯ ಅಪಾಯ ಏರುವ ವಯಸ್ಸಿನಲ್ಲೇ ಬಾಯಿ ನೋಡುವವರು ಯಾರೂ ಇರುವುದಿಲ್ಲ. ಈ ಕಾಯಿಲೆಗಾಗಿ ರಚಿತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹತ್ತನೇ ವಯಸ್ಸಿನ ಸುಮಾರಿಗೆ ಬಾಯಿಯ ತಪಾಸಣೆ ಶುರುಮಾಡಿ, ಆರು ತಿಂಗಳಿಗೊಮ್ಮೆ ಜೀವಮಾನವಿಡೀ ಮುಂದುವರಿಸಬೇಕು, ಜೊತೆಗೆ ಕಿವಿ-ಮೂಗು-ಗಂಟಲು ತಜ್ಞರು ನಳಿಕೆ ಹಾಕಿ ಗಂಟಲನ್ನು ನೋಡುತ್ತಿರಬೇಕು ಎನ್ನುತ್ತವೆ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಬಾ ಎಂದರೆ ಬೀದರಿನ, ಕೊಪ್ಪಳದ, ಚಾಮರಾಜನಗರದ ಮನೆಯವರಿಗೆ ಅದು ಕೂಲಿ ಕಳೆದುಕೊಂಡು, ಸಾಲ ಮಾಡಿಕೊಂಡು ಬರುವ ಪ್ರಯಾಣ. ದಂತವೈದ್ಯರು ತಾಲ್ಲೂಕು ಊರುಗಳಲ್ಲೂ ಇದ್ದಾರೆ. ದಂತವೈದ್ಯಕೀಯ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಅಲ್ಲಿ ಬಾಯಿ ರೋಗಗಳ ವಿಭಾಗಗಳಿವೆ, ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ಹತ್ತಿರದ ಕಣ್ಣು ದೂರದ ತಜ್ಞರಿಗಿಂತ ಹೆಚ್ಚು ಸಲ ನೋಡುತ್ತದೆ. ಈ ಕಾಯಿಲೆಯಲ್ಲಿ ಎಷ್ಟು ಸಲ ನೋಡಿದೆವು ಎಂಬುದೇ ಫಲವನ್ನು ನಿರ್ಧರಿಸುತ್ತದೆ.

ನೋಡುವುದು ಎಂದರೆ ಏನು ಎಂಬುದು ನಿಮಗೆ ಗೊತ್ತೇ ಇದೆ. ಆದರೂ ಹುಳುಕು ಹಲ್ಲಿಗೆಂದು ಬಂದವರಲ್ಲಿ ಕಣ್ಣು ನೇರ ಹಲ್ಲಿಗೇ ಹೋಗುವುದು ಸಹಜ, ಆದ್ದರಿಂದ ಹೇಳುತ್ತಿದ್ದೇನೆ. ನಾಲಿಗೆಯ ತುದಿಯನ್ನು ಗಾಜ್ ತುಂಡಿನಲ್ಲಿ ಹಿಡಿದು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಎಳೆದು, ಅಂಚನ್ನು ಹಿಂದಿನ ದವಡೆಹಲ್ಲಿನವರೆಗೂ ನೋಡಬೇಕು; ಈ ರೋಗಿಗಳಲ್ಲಿ ಕ್ಯಾನ್ಸರ್ ಹೆಚ್ಚಾಗಿ ಏಳುವುದು ನಾಲಿಗೆಯಲ್ಲೇ. ಆಮೇಲೆ ನಾಲಿಗೆಯ ತಳ, ಕೆನ್ನೆಯ ಒಳಬದಿ, ವಸಡಿನ ಒಳ ಹೊರ ಬದಿಗಳು, ಅಂಗುಳ, ಕೊನೆಗೆ ಬೆರಳಿಟ್ಟು ಗಟ್ಟಿತನ ಇದೆಯೇ ಎಂದು ಮುಟ್ಟಿ ನೋಡುವುದು, ಕುತ್ತಿಗೆಯ ಗ್ರಂಥಿಗಳನ್ನು ಒತ್ತಿ ನೋಡುವುದು. ಕಂಡ ಬಿಳಿ ಅಥವಾ ಕೆಂಪು ಮಚ್ಚೆಯ ಫೋಟೋ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ತಾರೀಕು ಹಾಕಿ ಇಡುವುದು. ಇಷ್ಟಕ್ಕೆ ಐದಾರು ನಿಮಿಷ ಸಾಕು.

“ಇವರ ಬಾಯಲ್ಲಿ ಬಿಳಿ ಮಚ್ಚೆ ಯಾವಾಗಲೂ ಇರುತ್ತದೆ, ಪ್ರತಿಯೊಂದಕ್ಕೂ ಬಯಾಪ್ಸಿ ಮಾಡಿದರೆ ರೋಗಿ ಮತ್ತೆ ಈ ಕಡೆ ತಲೆಹಾಕುವುದಿಲ್ಲ” ಎಂಬ ಅನುಭವಸ್ಥರ ಆತಂಕದಲ್ಲಿ ತೂಕವಿದೆ. ಕಸಿಯಾದವರಲ್ಲಿ ಜಿವಿಎಚ್‌ಡಿಯಿಂದ ಬರುವ ಬಲೆಯಂಥ ಬಿಳಿ ಗೆರೆಗಳು ಕ್ಯಾನ್ಸರಿನ ಹಿಂದಿನ ಹಂತದಂತೆಯೇ ಕಾಣಬಹುದು. ಮಜ್ಜೆ ಸೋಲುತ್ತಿರುವವರಲ್ಲಿ ಪ್ಲೇಟ್‌ಲೆಟ್ ಕಡಿಮೆ ಇದ್ದು ಸಣ್ಣ ಗಾಯವೂ ತುಂಬ ರಕ್ತ ಸುರಿಸಬಹುದು. ಇದಕ್ಕೊಂದು ನಡುದಾರಿ ಇದೆ. ಜರ್ಮನಿಯ ವೈದ್ಯರು ಅಲ್ಲಿನ ಫ್ಯಾಂಕೋನಿ ಕುಟುಂಬಗಳ ಸಂಘದೊಂದಿಗೆ ಸೇರಿ, ಸಣ್ಣ ಬ್ರಶ್ಶಿನಿಂದ ಮಚ್ಚೆಯ ಮೇಲೆ ಉಜ್ಜಿ ಕೋಶಗಳನ್ನು ತೆಗೆದು ಪರೀಕ್ಷಿಸುವ ಬ್ರಶ್ ಬಯಾಪ್ಸಿಯನ್ನು ಹಲವು ವರ್ಷ ನೂರಾರು ರೋಗಿಗಳಲ್ಲಿ ಬಳಸಿ, ಅದು ನಂಬಬಹುದಾದ ಮೊದಲ ಜರಡಿ ಎಂದು ತೋರಿಸಿದ್ದಾರೆ. ಅದಕ್ಕೆ ಹೊಲಿಗೆ ಬೇಡ, ನೋವೂ ಅಷ್ಟಿಲ್ಲ. ಬ್ರಶ್ಶಿನ ವರದಿಯಲ್ಲಿ ಅನುಮಾನ ಬಂದರೆ, ಇಲ್ಲವೇ ಮಚ್ಚೆ ಹಿಂದಿನ ಫೋಟೋಗಿಂತ ದೊಡ್ಡದಾಗಿದ್ದರೆ, ಕೆಂಪಾಗಿದ್ದರೆ, ಗಟ್ಟಿಯಾಗಿದ್ದರೆ, ಹುಣ್ಣು ಎರಡು ಮೂರು ವಾರ ಕಳೆದರೂ ಮಾಯದಿದ್ದರೆ ಆಗ ಬಯಾಪ್ಸಿಗೆ ತಡಮಾಡಬಾರದು. ಬಿ ಕಾಂಪ್ಲೆಕ್ಸ್ ಮಾತ್ರೆ, ಮುಲಾಮು ಕೊಟ್ಟು ತಿಂಗಳುಗಟ್ಟಲೆ ಕಾದು ನೋಡುವ ಅವಕಾಶ ಬೇರೆಯವರಿಗೆ ಇರಬಹುದು, ಇವರಿಗಿಲ್ಲ. ತಂಬಾಕು ಅಭ್ಯಾಸವಿಲ್ಲ, ವಯಸ್ಸು ಚಿಕ್ಕದು ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಇವರಲ್ಲಿ ಹೆಚ್ಚಿನವರು ತಂಬಾಕನ್ನು ಮುಟ್ಟದವರೇ.

ತಪಾಸಣೆಯಿಂದ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇಷ್ಟು ವಿರಳ ಕಾಯಿಲೆಯಲ್ಲಿ ಸಾವಿರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಬಾಯಿ ನೋಡಿ, ಇನ್ನೊಂದನ್ನು ನೋಡದೆ ಬಿಟ್ಟು ಹೋಲಿಸುವ ಪ್ರಯೋಗ ನಡೆಯಲಾರದು, ನಡೆಯಬಾರದು ಕೂಡ. ಆದರೆ ಬಾಯಿಯನ್ನು ಕಣ್ಣಿನಿಂದ ನೋಡುವ ತಪಾಸಣೆಯ ಬಗ್ಗೆ ಜಗತ್ತಿನ ಅತಿ ದೊಡ್ಡ ಪ್ರಯೋಗ ನಡೆದದ್ದು ನಮ್ಮ ನೆರೆಯಲ್ಲೇ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ಎರಡೂ ಗುಂಪುಗಳಲ್ಲಿ ಸೇರಿ ಸುಮಾರು 1.9 ಲಕ್ಷ ಜನ ಇದ್ದ ಆ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಒಟ್ಟು ಜನರಲ್ಲಿ ಲಾಭ ಖಚಿತವಾಗಿ ಕಾಣಲಿಲ್ಲ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಮಾತ್ರ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದಿತ್ತು. ಅಂದರೆ ಅಪಾಯ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಕಣ್ಣಿನ ತಪಾಸಣೆ ಜೀವ ಉಳಿಸುತ್ತದೆ. ಫ್ಯಾಂಕೋನಿ ಇರುವವರಿಗಿಂತ ದಟ್ಟವಾದ ಅಪಾಯ ಇರುವ ಇನ್ನೊಂದು ಗುಂಪನ್ನು ಹೆಸರಿಸುವುದು ಕಷ್ಟ. ನೇರ ಪುರಾವೆ ಇಲ್ಲ ಎಂಬುದನ್ನು ಒಪ್ಪಿಕೊಂಡೂ, ಇರುವ ಪುರಾವೆಯೆಲ್ಲ ಯಾವ ಕಡೆ ಕೈ ತೋರಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೊನೆಯದಾಗಿ ಮನಸ್ಸಿಗೆ ಸಂಬಂಧಿಸಿದ ಮಾತು. ಕಸಿ ಮುಗಿಸಿ ನೆಮ್ಮದಿಯ ಉಸಿರು ಬಿಟ್ಟ ತಾಯಿ ತಂದೆಗೆ, ಕಾಲೇಜು ಸೇರಿದ ಹುಡುಗಿಗೆ, ಇನ್ನೊಂದು ಕ್ಯಾನ್ಸರಿನ ಹೆಸರು ಹೇಳಿ ಹೆದರಿಸುವುದು ಕ್ರೌರ್ಯವಲ್ಲವೇ ಎಂದು ಕೆಲವು ಹಿರಿಯ ವೈದ್ಯರಿಗೇ ಅನ್ನಿಸುತ್ತದೆ. ಅವರ ಕರುಣೆಯನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಏನೂ ಮಾಡಲಾಗದ ಅಪಾಯವನ್ನು ಹೇಳಿದರೆ ಅದು ಬರೀ ಭಯ. ಮಾಡಬಹುದಾದ ಕೆಲಸದ ಜೊತೆ ಹೇಳಿದರೆ ಅದು ಎಚ್ಚರ. ಇಲ್ಲಿ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ತಂಬಾಕು, ಮದ್ಯ ಎರಡೂ ಜೀವಮಾನ ಪೂರ್ತಿ ಬೇಡ. ಅಡಿಕೆಯೂ ಬೇಡ. ಅಡಿಕೆ ನಮ್ಮ ನಾಡಿನ ದೊಡ್ಡ ಬೆಳೆ, ತಾಂಬೂಲ ನಮ್ಮ ಶುಭಕಾರ್ಯಗಳ ಗೌರವ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ ಪರಿಗಣಿಸಿದೆ. ಈ ಮಕ್ಕಳು ತಾಂಬೂಲವನ್ನು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರೆ ಸಾಕು, ಬಾಯಿಗೆ ಹಾಕಿಕೊಳ್ಳಬಾರದು. ಆಲ್ಕೋಹಾಲ್ ಇರುವ ಮೌತ್‌ವಾಶನ್ನು ಇವರಿಗೆ ಬರೆಯದಿರುವುದು ನಿಮ್ಮ ಕೈಯಲ್ಲೇ ಇದೆ. ಅಗತ್ಯವಿಲ್ಲದ ಎಕ್ಸ್‌ರೇ ತಪ್ಪಿಸುವುದೂ. ಎಚ್‌ಪಿವಿ ವೈರಸ್ ಈ ರೋಗಿಗಳ ಬಾಯಿ ಕ್ಯಾನ್ಸರಿನಲ್ಲಿ ಎಷ್ಟು ಪಾಲು ವಹಿಸುತ್ತದೆ ಎಂಬುದರಲ್ಲಿ ಅಮೆರಿಕದ ಮತ್ತು ಯುರೋಪಿನ ಸಂಶೋಧಕರಿಗೆ ಒಮ್ಮತವಿಲ್ಲ; ಆದರೂ ಹುಡುಗ ಹುಡುಗಿ ಇಬ್ಬರಿಗೂ ಲಸಿಕೆ ಹಾಕಿಸಿ ಎಂಬುದು ತಜ್ಞರ ಸಲಹೆ. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆ ಈಗ ಲಭ್ಯವಿದೆ. ಇಷ್ಟನ್ನು ಹೇಳಿ, ಕನ್ನಡಿಯ ಮುಂದೆ ನಿಂತು ತಿಂಗಳಿಗೊಮ್ಮೆ ತಮ್ಮ ನಾಲಿಗೆಯನ್ನು ತಾವೇ ನೋಡಿಕೊಳ್ಳುವುದನ್ನು ಕಲಿಸಿದರೆ, ಆ ಹುಡುಗಿ ಭಯ ಹೊತ್ತುಕೊಂಡು ಹೋಗುವುದಿಲ್ಲ. ತನ್ನ ಆರೋಗ್ಯದ ಕೀಲಿಕೈ ಅರ್ಧ ತನ್ನ ಕೈಯಲ್ಲೇ ಇದೆ ಎಂದು ತಿಳಿದು ಹೋಗುತ್ತಾಳೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆಗಳಿವು. ದಂತವೈದ್ಯಕೀಯ ಕಾಲೇಜುಗಳ ಬಾಯಿ ರೋಗಗಳ ವಿಭಾಗಗಳು ತಮ್ಮ ಸುತ್ತಲಿನ ಜಿಲ್ಲೆಗಳ ಫ್ಯಾಂಕೋನಿ ರೋಗಿಗಳಿಗೆ ಆರು ತಿಂಗಳಿಗೊಮ್ಮೆ ಉಚಿತ ತಪಾಸಣೆ ಮಾಡುವ ಹೊಣೆ ಹೊರಲಿ. ರೋಗಿಗಳ ಸಂಖ್ಯೆ ಬೆರಳೆಣಿಕೆಯಷ್ಟೇ ಇರುವುದರಿಂದ ಇದು ಯಾವ ಕಾಲೇಜಿಗೂ ಭಾರವಾಗದು. ಕಸಿ ಮಾಡುವ ಆಸ್ಪತ್ರೆಗಳು ಮತ್ತು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಸಂಸ್ಥೆಗಳು ರೋಗಿಯನ್ನು ಮನೆಗೆ ಕಳಿಸುವಾಗ ಅವರ ಊರಿಗೆ ಹತ್ತಿರದ ದಂತವೈದ್ಯರ ಹೆಸರಿಗೆ ಒಂದು ಪತ್ರ ಕೊಟ್ಟು ಕಳಿಸಲಿ. ಆ ಪತ್ರ ಬಂದಾಗ ನೀವು ಅದನ್ನು ಸ್ವೀಕರಿಸಿ. ವಿದ್ಯಾರ್ಥಿಗಳಿಗೆ ಬಾಯಿ ಕ್ಯಾನ್ಸರ್ ಪಾಠ ಮಾಡುವಾಗ ತಂಬಾಕಿನ ಜೊತೆಗೆ ಈ ಕಾಯಿಲೆಗೂ ಹತ್ತು ನಿಮಿಷ ಕೊಡಿ. ನಿಮ್ಮ ಕುರ್ಚಿಯಲ್ಲಿ ಕೂತವರು ಯಾರೇ ಆಗಿರಲಿ, ಹಲ್ಲು ನೋಡಿದ ಮೇಲೆ ನಾಲಿಗೆಯ ಎರಡೂ ಅಂಚುಗಳನ್ನು ನೋಡಿಯೇ ಎಬ್ಬಿಸಿ. ಬಾಯಿ ಕ್ಯಾನ್ಸರ್ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಆ ಅಭ್ಯಾಸದಿಂದ ಫ್ಯಾಂಕೋನಿ ಇಲ್ಲದ ಸಾವಿರಾರು ಜನರಿಗೂ ಒಳ್ಳೆಯದಾಗುತ್ತದೆ. ಫ್ಯಾಂಕೋನಿ ಇರುವವರಿಗಂತೂ ಆ ಐದು ನಿಮಿಷವನ್ನು ಮೀರಿದ ಔಷಧಿ ಇಂದಿಗೂ ಇಲ್ಲ. ದಯವಿಟ್ಟು ಅದನ್ನು ಅವರಿಗೆ ಕೊಡಿ.

ಇಂತಿ,
ನಿಮ್ಮ ವಿಶ್ವಾಸಿ